ಶೆಟ್ಟೆಪ್ಪ ರಾತ್ರಿ ದುರ್ಬೀನು ಆರಿಸಿದ್ದು

ಕೌಜಲಗಿಯ ಶೆಟ್ಟೆಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಪ್ಪನ ಕುರಿ ಹಿಂಡಿನ ಹಿಂದೆ ಗೋಕಾಕದಿಂದ ಹುಕ್ಕೇರಿಯವರೆಗೆ ನಡೆಯುತ್ತ, ದಾರಿಯ ಮೈಲಿಗಲ್ಲುಗಳ ಮೇಲೆ ಬೆರಳಾಡಿಸಿ ಅಕ್ಷರ ಕಲಿತವನು. ಅದಕ್ಕೇ ಇಂದಿಗೂ ಅವನ ಸಹಿ ಕಲ್ಲಿನಲ್ಲಿ ಕೆತ್ತಿದ ಹಾಗೆ ದಪ್ಪಗಿರುತ್ತದೆ. ಹಿಡಕಲ್ ಹಿನ್ನೀರಿನ ದಂಡೆಯ ಹೊಲಗಳಲ್ಲಿ ಕುರಿ ತರುಬಿ, ಗೊಬ್ಬರ ಕೊಟ್ಟು ಜೋಳ ಪಡೆದು ಬೆಳೆದ ಮೈ ಅದು. ಈಗ ವಯಸ್ಸು ಅರವತ್ತೆಂಟು. ನಾಲ್ಕು ಎಕರೆ ಗೋವಿನಜೋಳ, ಮೂವತ್ತು ಕರಿ ಕುರಿ ಮತ್ತು ಅಪ್ಪನ ಕಾಲದ ಒಂಟಿ ನಳಿಗೆಯ ಬೇಟೆ ಬಂದೂಕು, ಇವಿಷ್ಟು ಅವನ ಆಸ್ತಿ. ಬಂದೂಕಿಗೆ ಬೆಳೆ ಕಾಯುವ ಲೈಸೆನ್ಸು ಉಂಟು, ಹಂದಿ ಹೊಡೆಯಲು ಅರಣ್ಯ ಇಲಾಖೆಯ ಕಾಗದವೂ ಉಂಟು. ಚುನಾವಣೆ ಬಂದಾಗಲೆಲ್ಲ ಅದನ್ನು ಮೂಡಲಗಿ ಠಾಣೆಗೆ ಒಪ್ಪಿಸಿ, ಎಲ್ಲ ಮುಗಿದ ಮೇಲೆ ಹೊಸ ಸೊಸೆಯನ್ನು ಕರೆತರುವ ಹಾಗೆ ಶಲ್ಯ ಹೊದಿಸಿ ಮನೆಗೆ ತರುತ್ತಿದ್ದ.

ಆ ಬಂದೂಕು ಒಂದು ತಿಂಗಳಿಂದ ಗೂಟಕ್ಕೆ ಸುಮ್ಮನೆ ತೂಗುತ್ತಿತ್ತು. ತೋಟಾಗಳ ಚೀಲವನ್ನು ಹೆಂಡತಿ ಹಣಮವ್ವ ಹುರುಳಿಯ ಗಡಿಗೆಯೊಳಗೆ ಹುಗಿದಿಟ್ಟಿದ್ದಳು. ಕಾರಣ ಅವಳ ತಮ್ಮ ಮಾಲಿಂಗ.

ಮಾಲಿಂಗನ ಹೊಲ ಶೆಟ್ಟೆಪ್ಪನ ಹೊಲದ ಬದುವಿಗೇ ಹತ್ತಿಕೊಂಡಿದೆ. ಪಂಪಿಗೆ ತ್ರೀ ಫೇಸ್ ಕರೆಂಟು ಬರುವುದು ಅಪರಾತ್ರಿಯಲ್ಲಿ. ಕರೆಂಟು ಬಂದಾಗ ನೀರು ತಿರುವಲೇಬೇಕು. ತಿಂಗಳ ಹಿಂದೆ ಅಂಥ ಒಂದು ರಾತ್ರಿ, ಮೈ ಕೊರೆಯುವ ಥಂಡಿಯಲ್ಲಿ ಮಾಲಿಂಗ ತಲೆಯ ಮೇಲಿಂದ ಕರಿ ಕಂಬಳಿ ಹೊದ್ದು, ನಡು ಬಗ್ಗಿಸಿ, ಸಲಿಕೆಯಿಂದ ಮಣ್ಣು ಎಳೆಯುತ್ತಿದ್ದ. ಈಚೆಯಿಂದ ಶೆಟ್ಟೆಪ್ಪ ನೋಡಿದ. ಜೋಳದ ಸಾಲಿನಲ್ಲಿ ಕರ್ರಗೆ, ಗುಂಡಗೆ ಒಂದು ಆಕಾರ ಮಣ್ಣು ಕೆದರುತ್ತಿತ್ತು. ಬಂದೂಕು ಹೆಗಲಿಗೆ ಬಂತು. ಅದರ ಕುದುರೆಯ ಮೇಲೆ ಬೆರಳು ಕೂತಿತು. ಅಷ್ಟರಲ್ಲಿ ಆ ಹಂದಿ ಕೆಮ್ಮಿ, ಕರೆಂಟಿನವರ ತಾಯಿಯನ್ನು ನೆನೆದು ಬೈಯಿತು.

ಶೆಟ್ಟೆಪ್ಪ ಬಂದೂಕು ಕೆಳಗಿಟ್ಟು ಅಲ್ಲೇ ಕುಕ್ಕರಿಸಿದ. ಹಗಲಾಗುವವರೆಗೆ ಮೇಲೇಳಲಿಲ್ಲ. ಮಾಲಿಂಗ ಹೊದ್ದಿದ್ದ ಕಂಬಳಿ ಬೇರೆ ಯಾರದೋ ಅಲ್ಲ. ತನ್ನ ಕುರಿಗಳ ಉಣ್ಣೆ ನೇಯಿಸಿ ತಾನೇ ಕೊಟ್ಟದ್ದು.

ಮುಚ್ಚಿಡುವುದು ಅವನ ಜಾಯಮಾನವಲ್ಲ. ಬೆಳಗ್ಗೆ ರೊಟ್ಟಿ ಮುರಿಯುವಾಗ ಹೆಂಡತಿಗೆ ಎಲ್ಲ ಹೇಳಿದ. ಅವಳು ಕೂಗಾಡಲಿಲ್ಲ. ಎದ್ದು ತೋಟಾಗಳ ಚೀಲ ಎತ್ತಿದಳು, ಅಷ್ಟೇ.

“ಕತ್ತಲದಾಗ ನನ್ನ ತಮ್ಮ ಯಾವುದು, ಹಂದಿ ಯಾವುದು ಅಂತ ನನ್ನ ಮುಂದ ಗುರುತ ಹಿಡೀರಿ,” ಎಂದಳು. “ಆಮ್ಯಾಲ ತೋಟಾ ಕೇಳ್ರಿ.”

ಸುದ್ದಿ ಹಂದಿಗಳಿಗೆ ಹೇಗೆ ಮುಟ್ಟಿತೋ, ಒಂದೇ ತಿಂಗಳಲ್ಲಿ ಅರ್ಧ ಎಕರೆ ತೆನೆ ನೆಲ ಕಂಡಿತು. ಸುತ್ತಲಿನ ಹೊಲದವರು “ಶೆಟ್ಟೆಪ್ಪಜ್ಜನ ಕಣ್ಣ ಹ್ವಾದ್ವು, ಇನ್ನ ಬಂದೂಕ ಬ್ಯಾರೆಯವರ ಹಿಡೀಲಿ” ಎಂದು ಆಡಿಕೊಳ್ಳತೊಡಗಿದರು. ಮೂವತ್ತು ಕುರಿಗಳನ್ನು ಮುಖ ನೋಡಿಯೇ ಹೆಸರು ಹಿಡಿದು ಕರೆಯುವವನಿಗೆ ಈ ಮಾತು ನೆತ್ತಿಗೆ ಹತ್ತಿತು.

ಆಗ ದಾರಿ ತೋರಿದವಳು ಹೊಳೆಪ್ಪ ಮಾಸ್ತರರ ಮಗಳು ಸಂಘಮಿತ್ರಾ. ನಿಡಸೋಸಿಯ ಕಾಲೇಜಿನಲ್ಲಿ ಇಲೆಕ್ಟ್ರಾನಿಕ್ಸ್ ಕಲಿಸುತ್ತಾಳೆ. ಕತ್ತಲಲ್ಲೂ ಕಾಣುವ ದುರ್ಬೀನು ಈಗ ಸಿಗುತ್ತದೆ, ಗೋಕಾಕದಲ್ಲಿ ಸಿಸಿ ಕ್ಯಾಮೆರಾ ಅಂಗಡಿ ಇಟ್ಟಿರುವ ಅಪ್ಪಣ್ಣ ತನ್ನ ಹಳೆಯ ವಿದ್ಯಾರ್ಥಿ ಎಂದಳು. ಭಾನುವಾರ ಅವಳೊಡನೆ ಹೊರಟದ್ದೂ ಆಯಿತು. ಬಸ್ಸು ಹತ್ತುವಾಗ ನೋಡಿದರೆ ಮಾಲಿಂಗ ಮೊದಲೇ ಒಳಗೆ ಕೂತಿದ್ದಾನೆ.

“ನಿನಗೇನ ಕೆಲಸೋ ಅಲ್ಲೆ?” ಶೆಟ್ಟೆಪ್ಪ ಕೇಳಿದ.

“ಜೀವ ನಂದು ಮಾಮಾ. ಆರಿಸೂದು ನೀ ಒಬ್ಬನ ಅಂದ್ರ ಹೆಂಗ?”

ಅಂಗಡಿಯಲ್ಲಿ ಅಪ್ಪಣ್ಣ ಗಾಜಿನ ಮೇಜಿನ ಮೇಲೆ ಎರಡು ದುರ್ಬೀನು ಇಟ್ಟ. ಒಂದು ಮೊಳದುದ್ದದ್ದು, ಬಂದೂಕಿನ ಮೇಲೆ ಪಟ್ಟಿ ಹಾಕಿ ಬಿಗಿಯುವಂಥದ್ದು. ಇನ್ನೊಂದು ಗಿಡ್ಡದು, ಕೈಯಲ್ಲಿ ಹಿಡಿದು ನೋಡುವಂಥದ್ದು.

“ಇದು ನಾನೂರು ಮೀಟರ್ ಕಾಣತೈತ್ರಿ ಅಜ್ಜಾರ,” ಎಂದು ಉದ್ದದ್ದನ್ನು ಮುಂದೆ ಸರಿಸಿದ. “ಆದ್ರ ಬಂದೂಕಿಗೆ ಖಾಯಂ ಕೂಡ್ರಿಸೂ ಮೊದಲ ಠಾಣೇದಾಗ ಕೇಳಿ ಕಾಗದ ತರ್ರಿ. ಗಿಡ್ಡದಕ್ಕ ಆ ಗೋಜಿಲ್ಲ, ಖರೆ ಅದರ ಕಣ್ಣು ನೂರೈವತ್ತು ಮೀಟರಿಗೆ ಮುಗೀತು. ನೋಡ್ರಿ, ಹಗಲದಾಗೂ ಕಾಣತೈತಿ.”

“ಹಗಲಿಗೆ ನನ್ನ ಕಣ್ಣ ಅದಾವಲ್ಲೋ ತಮ್ಮಾ. ಕತ್ತಲಿ ತೋರಿಸು.”

“ಹಾಡಹಗಲ ಕತ್ತಲಿ ಎಲ್ಲಿಂದ ತರ್ಲ್ರಿ?”

ಶೆಟ್ಟೆಪ್ಪನಿಗೆ ಇದೊಂದು ದೊಡ್ಡ ಮಾತಾಗಿ ಕಾಣಲಿಲ್ಲ. ಕುರುಬನ ಹೆಗಲ ಮೇಲೆ ಮಳೆಗೆ ಕೊಡೆ, ಬಿಸಿಲಿಗೆ ನೆರಳು, ಮಲಗಲು ಹಾಸಿಗೆ ಯಾವತ್ತೂ ಇರುತ್ತದೆ. ಕತ್ತಲೆಯೂ ಅಲ್ಲೇ ಇತ್ತು. ಕಂಬಳಿ ಬಿಚ್ಚಿ, ಉದ್ದದ ದುರ್ಬೀನು ಎತ್ತಿಕೊಂಡು, ತಲೆಯಿಂದ ಮೊಣಕಾಲಿನವರೆಗೆ ಮುಸುಕು ಎಳೆದು ಅಂಗಡಿಯ ನಟ್ಟನಡುವೆ ಕುಳಿತುಬಿಟ್ಟ. ಚಾರ್ಜರ್ ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಎರಡು ಹೆಜ್ಜೆ ಹಿಂದೆ ಸರಿದು, “ಯಾರಿಗರೆ ಮೈಯಾಗ ಬಂದೈತೇನ್ರಿ?” ಎಂದು ಕೇಳಿದಳು.

“ಇಲ್ಲಬೇ, ಮಾಲು ಪರೀಕ್ಷೆ ನಡದೈತಿ,” ಎಂದ ಮಾಲಿಂಗ. ಆಮೇಲೆ ಕಂಬಳಿಯ ಕಡೆಗೆ ಬಗ್ಗಿ, “ಮಾಮಾ, ಏನ ಕಾಣತೈತಿ?” ಎಂದ.

“ಇದು ಸುಳ್ಳ ಹೇಳೂ ಯಂತ್ರ ಐತಿ,” ಒಳಗಿಂದ ದನಿ ಬಂತು. “ಕಂಬಳಿ ಬೆಳ್ಳಗ ತೋರಸಾಕತ್ತೈತಿ. ನನ್ನ ಕರಿ ಕುರಿ ಉಣ್ಣಿ ಇದು. ಒಂದೆಳಿ ಬಿಳೇದಿಲ್ಲ.”

ಸಂಘಮಿತ್ರಾ ನಕ್ಕು ಕಂಬಳಿಯ ಅಂಚು ಎತ್ತಿದಳು. “ಸುಳ್ಳಲ್ಲ ಕಾಕಾ. ಇದರೊಳಗಿಂದ ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕು ಹೊರಗ ಬೀಳತೈತಿ. ಆ ಬೆಳಕಿಗೆ ಕರಿ ಉಣ್ಣಿ ಕರ್ರಗ ಕಾಣೂದಿಲ್ಲ. ಹಂದಿ ಕೂದಲಾನೂ ಹಿಂಗ ಬೂದಿ ಬಣ್ಣ ಕಾಣಬಹುದು.”

“ಅಂದ್ರ ನಾನೂ ಹಂದೀನೂ ಒಂದ ಬಣ್ಣ ಆದ್ವಿ,” ಎಂದ ಮಾಲಿಂಗ. “ಮೇಡಮ್ಮಾರ, ನನ್ನ ದೇವರ ಕಾಯಬೇಕು.”

ಶೆಟ್ಟೆಪ್ಪ ಕಂಬಳಿ ಸರಿಸಿ ಎದ್ದ. ನೋಡದೆ ಕೊಳ್ಳುವುದಿಲ್ಲ, ಹೊಲದಲ್ಲೇ ನೋಡಬೇಕು ಎಂದ. ಟಗರು ಕೊಳ್ಳುವಾಗಲೂ ಅವನು ಹಾಗೆಯೇ. ಸಂತೆಯಲ್ಲಿ ಹಲ್ಲು ನೋಡಿ ಹಣ ಬಿಚ್ಚಿದವನಲ್ಲ, ಒಂದು ಹೊತ್ತು ಜೊತೆಗೆ ಮೇಯಿಸಿ ನೋಡಿದವನು. ಮೇಡಮ್ಮನವರ ಮುಖ ನೋಡಿ ಅಪ್ಪಣ್ಣ ಎರಡನ್ನೂ ಹೆಗಲಿಗೆ ಹಾಕಿಕೊಂಡು ತಾನೇ ಕೌಜಲಗಿಗೆ ಬಂದ.

ಪರೀಕ್ಷೆಯ ಹೊಣೆ ಹಣಮವ್ವ ಹೊತ್ತುಕೊಂಡಳು. ದೀಪ ಹಚ್ಚುವ ಹೊತ್ತು ದಾಟಿ ಕತ್ತಲು ಗಟ್ಟಿಯಾಗುತ್ತಲೇ ಹೊಲದೊಳಗೆ ಮೂರು ಕಂಬಳಿ ಇಡಿಸಿದಳು. ಒಂದರ ಕೆಳಗೆ ಗೂಟಕ್ಕೆ ಕಟ್ಟಿದ ಟಗರು. ಒಂದರ ಕೆಳಗೆ ರವದಿಯ ಒಣ ಸೋಗೆ ತುಂಬಿದ ಗೋಣಿಚೀಲ, ಹಂದಿಯ ಲೆಕ್ಕಕ್ಕೆ. ಇನ್ನೊಂದರ ಕೆಳಗೆ ಬಗ್ಗಿ ನಿಂತ ಮಾಲಿಂಗ. ಯಾವುದು ಎಲ್ಲಿ ಎಂದು ಗಂಡನಿಗೆ ಹೇಳಲಿಲ್ಲ. ಬಂದೂಕನ್ನು ಕೀಲಿನಲ್ಲಿ ಮಡಚಿ ತೆರೆದು ನಳಿಗೆಯೊಳಗೆ ಬೆರಳು ಹಾಕಿ, ಖಾಲಿ ಇದೆಯೆಂದು ಎರಡು ಸಲ ನೋಡಿದ ಮೇಲೆಯೇ ಕೈಗೆ ಕೊಟ್ಟಳು.

ಅಪ್ಪಣ್ಣ ಉದ್ದದ ದುರ್ಬೀನನ್ನು ಬಂದೂಕಿಗೆ ತಾತ್ಕಾಲಿಕವಾಗಿ ಬಿಗಿದ. ಶೆಟ್ಟೆಪ್ಪ ಹೆಗಲಿಗೇರಿಸಿ ಕಣ್ಣಿಟ್ಟ.

“ನಡುವಿಂದು ಟಗರು. ಕಣ್ಣ ಎರಡು ಬಲ್ಬ ಹಚ್ಚಿದಂಗ ಹೊಳ್ಯಾಕತ್ತಾವು,” ಎಂದ ತಕ್ಷಣ.

“ಅದನ್ನ ನಾನೂ ಹೇಳತೇನಿ. ಉಳದದ್ದು ಹೇಳ್ರಿ,” ಎಂದಳು ಹಣಮವ್ವ.

ಉಳಿದೆರಡು ಬೂದಿ ಬಣ್ಣದ ಗುಡ್ಡೆ. ಉದ್ದದ ದುರ್ಬೀನು ದೂರದ್ದನ್ನು ಹತ್ತಿರ ತರುತ್ತದೆ, ಆದರೆ ತರುವುದು ಒಂದು ತುಣುಕನ್ನು. ತಲೆ ಕಂಡರೆ ಕಾಲಿಲ್ಲ, ಕಾಲು ಕಂಡರೆ ತಲೆಯಿಲ್ಲ. ಬಂದೂಕಿನ ಭಾರಕ್ಕೆ ತೋಳು ಸೋಲುತ್ತಿತ್ತು. ಶೆಟ್ಟೆಪ್ಪ ಎಡಗಡೆಯದರ ಮೇಲೆ ನಳಿಗೆ ನಿಲ್ಲಿಸಿ ಬಹಳ ಹೊತ್ತು ನೋಡಿದ. ಅಲುಗಲಿಲ್ಲ, ಮಿಸುಕಲಿಲ್ಲ.

“ಎಡಕಿಂದು ಚೀಲ,” ಎಂದ.

ಎಡಗಡೆಯ ಚೀಲ ಸೊಂಟ ಹಿಡಿದುಕೊಂಡು ಎದ್ದು ನಿಂತಿತು.

ಮಾಲಿಂಗ ಕಂಬಳಿ ಜಾರಿಸುತ್ತ ಕೂಗಿ ಹೇಳಿದ: “ಮಾಮಾ, ಸೋತದ್ದು ಹೋಗಲಿ. ನಾ ಮನಶ್ಯಾ ಹೌದೋ ಅಲ್ಲೋ ಅಂತ ನೋಡಾಕ ಇಷ್ಟೊತ್ತು ನನ್ನ ಎದಿಗೇ ನಳಿಗಿ ಹಿಡದಿದ್ದೀಯಲ್ಲ. ದಿನಾ ಹಿಂಗ ನೋಡಾಂವ ಏನು?”

ಶೆಟ್ಟೆಪ್ಪ ಬಂದೂಕು ಇಳಿಸಿದ. ಖಾಲಿ ಬಂದೂಕು ಹೌದು, ಆದರೂ ನಳಿಗೆಯನ್ನು ನೆಲಕ್ಕೆ ತಿರುಗಿಸಿದ. ಬಂದೂಕಿನ ಮೇಲೆ ಕಣ್ಣು ಕೂರಿಸಿದರೆ ಕಣ್ಣು ಹೋದಲ್ಲೆಲ್ಲ ನಳಿಗೆಯೂ ಹೋಗುತ್ತದೆ. ಬದುವಿನ ಮೇಲೆ ಯಾರಿದ್ದಾರೆಂದು ನೋಡಬೇಕಾದರೆ ಮೊದಲು ಅವರಿಗೆ ಗುರಿ ಇಡಬೇಕು. ನಾನೂರು ಮೀಟರ್ ಕಂಡರೆ ನಾನೂರು ಮೀಟರಿನೊಳಗಿನ ಎಲ್ಲರಿಗೂ ಗುರಿ.

“ಬಿಚ್ಚೋ ಅಪ್ಪಣ್ಣಾ ಅದನ್ನ,” ಎಂದ. “ಗಿಡ್ಡದು ಕೊಡು.”

ಹಣಮವ್ವ ಹೊಲದೊಳಗೆ ಹೋಗಿ ಚೀಲ, ಮಾಲಿಂಗ ಇಬ್ಬರ ಜಾಗವನ್ನೂ ಬೇರೆ ಮಾಡಿ ಬಂದಳು. ಶೆಟ್ಟೆಪ್ಪ ಬಂದೂಕನ್ನು ಹೆಂಡತಿಯ ಕೈಗೆ ಕೊಟ್ಟು, ಕುರಿ ಕಾಯುವವನ ಹಾಗೆ ಬದುವಿನ ಮೇಲೆ ಕೂತು, ಮೊಣಕಾಲಿಗೆ ಮೊಣಕೈ ಊರಿ ಗಿಡ್ಡ ದುರ್ಬೀನಿಗೆ ಕಣ್ಣಿಟ್ಟ. ಈಗ ಅರ್ಧ ಹೊಲವೇ ಒಮ್ಮೆಲೇ ಕಂಡಿತು. ಅವಸರವಿರಲಿಲ್ಲ, ತೋಳಿಗೆ ಭಾರವಿರಲಿಲ್ಲ. ಹಿಂಡನ್ನು ಕಾಯುವುದೆಂದರೆ ಇದೇ ತಾನೆ: ಎಲ್ಲವನ್ನೂ ಕಣ್ಣಳತೆಯಲ್ಲಿಟ್ಟು, ಯಾವುದು ಹೇಗೆ ಮೈ ಅಲುಗಿಸುತ್ತದೆ ಎಂದು ಕಾಯುತ್ತ ಕೂಡುವುದು. ಅಪ್ಪಣ್ಣ ಎರಡು ಸಲ ಗಡಿಯಾರ ನೋಡಿದ. ಶೆಟ್ಟೆಪ್ಪ ನೋಡಲಿಲ್ಲ.

“ಬೇವಿನ ಗಿಡದ ಬಾಜೂಕ ಮಾಲಿಂಗ,” ಎಂದ ಕೊನೆಗೆ. “ಕುಂಡಿ ತುರಸ್ಕೊಳ್ಳಾಕತ್ತಾನ.”

ಕತ್ತಲಲ್ಲಿ ಮಾಲಿಂಗ ಬೈಯುವುದು ಕೇಳಿಸಿತು. ಹಣಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಸಂಘಮಿತ್ರಾ ಚಪ್ಪಾಳೆ ತಟ್ಟಿದಳು.

“ಇನ್ನೊಮ್ಮೆ ಇಚಾರ ಮಾಡ್ರಿ ಅಜ್ಜಾರ,” ಎಂದ ಅಪ್ಪಣ್ಣ. “ಇದು ದೂರದ್ದು ಕಾಣೂದಿಲ್ಲ.”

“ನನ್ನ ಹೊಲಾ ಏನ ಗೋಕಾಕತನಕ ಐತೇನೋ? ಇದನ್ನ ಕಟ್ಟು.”

ಹಣಮವ್ವ ಹುರುಳಿಯ ಗಡಿಗೆಯಿಂದ ತೋಟಾಗಳ ಚೀಲ ತೆಗೆದುಕೊಟ್ಟು ಒಂದು ವಾರ ಕಳೆದಿರಬೇಕು, ಹಂದಿಗಳು ಹಳ್ಳದ ಕಡೆಯಿಂದ ಬಂದವು. ಶೆಟ್ಟೆಪ್ಪ ಬದುವಿನ ಮೇಲೆ ಕೂತು ಒಂದೊಂದನ್ನೂ ಎಣಿಸಿದ; ಆರು. ಬಂದೂಕು ಪಕ್ಕದಲ್ಲೇ ನೆಲದ ಮೇಲಿತ್ತು. ಅವನು ಮೊದಲು ಎತ್ತಿದ್ದು ಫೋನು. ಮಾಲಿಂಗ ಮೋಟರಿನ ಖೋಲಿಯ ಒಳಗಿದ್ದೇನೆ ಎಂದ. ಅದನ್ನೂ ನಂಬದೆ, ದುರ್ಬೀನಿನಲ್ಲಿ ಖೋಲಿಯ ಬಾಗಿಲಿನಲ್ಲಿ ಅವನು ಕೈ ಬೀಸುವುದನ್ನು ನೋಡಿ, ಆಮೇಲೆ ಬಂದೂಕು ಎತ್ತಿ ಹಳ್ಳದ ಕಡೆಗೆ ಹಾರಿಸಿದ. ಇಷ್ಟೆಲ್ಲ ಆಗುವ ಹೊತ್ತಿಗೆ ಫೋನಿನ ಮಾತು ಕೇಳಿದ ಹಂದಿಗಳು ಹಿಂದಕ್ಕೆ ತಿರುಗಿ ಅರ್ಧ ಹಳ್ಳ ದಾಟಿದ್ದವು. ಉಳಿದರ್ಧವನ್ನು ಸದ್ದು ಕೇಳಿ ದಾಟಿದವು. ಆ ರಾತ್ರಿ ಒಂದು ತೆನೆಯೂ ಬೀಳಲಿಲ್ಲ, ಒಂದು ಹಂದಿಯೂ ಬೀಳಲಿಲ್ಲ.

ಶೆಟ್ಟೆಪ್ಪ ಮನೆಗೆ ಬಂದರೆ, ಸದ್ದು ಕೇಳಿ ಹಣಮವ್ವ ಬಾಗಿಲಿಗೆ ಬಂದು ನಿಂತಿದ್ದಳು.

“ಹಂದಿ ಸಿಕ್ತೇನ್ರಿ?”

“ಇಲ್ಲ.”

“ಮಾಲಿಂಗ?”

“ಖೋಲ್ಯಾಗ ಚಹಾ ಕಾಸಾಕತ್ತಾನ. ಸಕ್ಕರಿ ತೀರೇತಂತ, ಒಯ್ಯಾಕ ಬಂದೇನಿ.”

ಅವಳು ಒಳಗೆ ಹೋಗಿ ಸಕ್ಕರೆಯ ಡಬ್ಬಿಯನ್ನೇ ತಂದು ಕೈಗಿಟ್ಟಳು.