ಅಟ್ಟೆ ಜಾರಿದ ಫೋನು

ಫೋನಿನ ರಿಪೇರಿ ಅರ್ಧದಲ್ಲಿದ್ದಾಗ ಕರೆಂಟು ಹೋಗಬಹುದು: ಕಿರುಬೆರಳು. ಬೇರಾವುದೋ ಮಾದರಿಯ ತಂತ್ರಾಂಶ ಹೊಕ್ಕು ಫೋನು ತಾನು ಯಾರೆಂಬುದನ್ನೇ ಮರೆಯಬಹುದು: ಉಂಗುರದ ಬೆರಳು. ವೈರು ಕಳಚಬಹುದು: ನಡುಬೆರಳು. ಎಲ್ಲ ಸರಿಹೋಗಿ, ಒಳಗಿದ್ದದ್ದು ಮಾತ್ರ ಅಳಿಸಿಹೋಗಿ, ಫೋನು ಎಳೆಗೂಸಿನಂತೆ ನನ್ನನ್ನು ಪಿಳಿಪಿಳಿ ನೋಡಬಹುದು: ತೋರುಬೆರಳು. ಸೇಲಂನಿಂದ ಹೊರಟ ಬಸ್ಸು ಧರ್ಮಪುರಿ ತಲುಪುವಷ್ಟರಲ್ಲಿ ನಾಲ್ಕು ಬೆರಳು ಮಡಿಸಿಯಾಗಿತ್ತು. ಹೆಬ್ಬೆರಳು ಕೆಲಸವಿಲ್ಲದೆ ನಿಂತಿತ್ತು. ನನಗೆ ಇಷ್ಟೇ ಚಿಂತೆಯೇ ಎಂದು ಅದೂ ಒಂದು ಚಿಂತೆಯಾಯಿತು.

ಕಾರಣವಿಲ್ಲದೆ ಹೆದರುವುದು ನನ್ನ ಹಳೆಯ ಅಭ್ಯಾಸ. ಈ ಸಲ ಕಾರಣವೂ ಇತ್ತು, ಮಿತ್ರರೇ. ಹೆಂಡತಿಯ ತಾಯಿ ಚೌಕಳಿ ಹಾಳೆಯ ಮೇಲೆ ಒಂದೊಂದೇ ಮನೆ ತುಂಬಿ ಬರೆದ ಸೀರೆಯಂಚಿನ ಚಿತ್ತಾರವೊಂದು ಮಗ್ಗಕ್ಕೆ ಏರದೆಯೇ ಉಳಿದಿತ್ತು. ಅತ್ತೆ ತೀರಿಕೊಂಡರು, ಹಾಳೆಯನ್ನು ಗೆದ್ದಲು ತಿಂದಿತು. ಉಳಿದದ್ದು ಹಿಂದೊಮ್ಮೆ ನಾನು ತೆಗೆದಿದ್ದ ಫೋಟೋ ಒಂದೇ. ಆ ಅಂಚನ್ನು ನೇಯಲೇಬೇಕೆಂದು ಹೆಂಡತಿ ಹಠ ಹಿಡಿದ ವಾರವೇ ಫೋನು ಕಂಪನಿಯ ಹೆಸರನ್ನು ಮಿನುಗಿಸುತ್ತ, ಆರಿಸುತ್ತ, ಅಲ್ಲಿಂದ ಮುಂದಕ್ಕೆ ಬಾರದೆ ಕೂತಿತು. ನಮ್ಮೂರಿನ ಅಂಗಡಿಗಳಲ್ಲಿ, ಸರಿಮಾಡಿದರೆ ಎಲ್ಲವೂ ಅಳಿಸಿಹೋಗುತ್ತದೆ ಎಂದರು.

ಧರ್ಮಪುರಿ ಬಸ್ ನಿಲ್ದಾಣದ ಹಿಂದಿನ ಸಣ್ಣ ಅಂಗಡಿಯ ಸರೋಜಾ ಅಳಿಸದೆ ಸರಿಮಾಡುತ್ತಾಳೆಂದು ಯಾರೋ ಹೇಳಿದ್ದರು; ಅವಳೂ ನಮ್ಮಂತೆ ನೇಕಾರರ ಮನೆಯ ಮಗಳು. ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ, ನನ್ನ ಮುಖ ನೋಡಿ ನಕ್ಕಳು.

"ಸಿಸ್ಟಮ್ ಮಾತ್ರ ಕೆಟ್ಟೈತಣ್ಣಾ. ಅದ ಹೊಸದಾಗಿ ಬರೀತೀನಿ. ಫೋಟೋ ಇರೋ ಜಾಗಕ್ಕೆ ಕೈ ಆಕಕಿಲ್ಲ. ಆದ್ರೆ ಗ್ಯಾರಂಟಿ ಕೊಡಕಾಗಾಕಿಲ್ಲ."

"ಅದೆಂಗಮ್ಮ, ಒಂದ ಬುಟ್ಟು ಒಂದ ಬರಿಯಾದು?"

"ಮಗ್ಗದಾಗೆ ಅಟ್ಟೆ ಜಾರಿದ್ರೆ ನೀವೇನ್ ಮಾಡ್ತೀರಿ? ನೇಯ್ದಿರೋ ಸೀರೆ ಕತ್ತರಿಸಾಕ್ತೀರಾ?"

ಜಕಾರ್ಡ್ ಮಗ್ಗದ ಮೇಲೆ ತೂಗುವ, ತೂತುಬಿದ್ದ ರಟ್ಟಿನ ಅಟ್ಟೆಗಳನ್ನು ನೀವು ನೋಡಿರಬಹುದು. ತೂತಿದ್ದರೆ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಮಲಗಿರುತ್ತದೆ. ಈ ಹೌದು, ಅಲ್ಲಗಳಿಂದಲೇ ನವಿಲು ಗರಿ ಬಿಚ್ಚುತ್ತದೆ, ಮಾವಿನಕಾಯಿ ಡೊಂಕಾಗುತ್ತದೆ. ಅಟ್ಟೆ ಜಾರಿದರೆ ಮಗ್ಗ, ನೂಲು, ನೇಕಾರ ಎಲ್ಲರೂ ಇದ್ದೂ ನವಿಲು ಬಾರದು. ಫೋನಿನ ಹೊಟ್ಟೆಯೊಳಗೂ ಇರುವುದು ಅದೇ ಹೌದು ಮತ್ತು ಅಲ್ಲ; ಕೋಟಿಗಟ್ಟಲೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಮೂವತ್ತು ವರ್ಷ ಮಗ್ಗದ ಕಾಲುಮಣೆ ತುಳಿದು ನಡೆಸಿದ್ದನ್ನೇ ಜೇಬಿನಲ್ಲೂ ಹೊತ್ತು ತಿರುಗುತ್ತಿದ್ದೆ ಎಂಬುದು ಅಂದಿನವರೆಗೆ ನನಗೆ ತಿಳಿದಿರಲಿಲ್ಲ.

ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ, ನೇಯ್ಗೆ ಏರಿದಂತೆಯೇ ಬೆಳೆಯತೊಡಗಿತು. ಆಗ ನೋಡಿದೆ: ವೈರು ಜೋತುಬಿದ್ದಿದೆ. ಸಡಿಲ ಎಳೆ ಕಂಡರೆ ಎಳೆದು ಬಿಗಿಮಾಡದ ನೇಕಾರ ಯಾರಿದ್ದಾನೆ? ಕೈ ತಾನಾಗಿ ಹೋಯಿತು. ಸರೋಜಾ ಅದರ ಮೇಲೊಂದು ಏಟು ಕೊಟ್ಟಳು.

"ನಡುವ್ಲೆ ಕಳಚ್ಕೊಂಡ್ರೆ ಫೋನು ಕಲ್ಲಾಗೋಯ್ತದೆ. ನಮ್ಮಪ್ಪನೂ ಇಂಗೇ, ಬಂದ್ರೆ ವೈರ್ ಎಲ್ಲಾ ಎಳೀತಾನೆ. ಕೈ ಮೇಲೆ ಕೂತ್ಕೊ ಅಂತೀನಿ ಅವನ್ಗೆ. ನೀವೂ ಕೂತ್ಕೊಳಿ."

ಐವತ್ತೆರಡು ವರ್ಷದ ನಾನು ಎರಡೂ ಅಂಗೈಗಳನ್ನು ತೊಡೆಯಡಿ ಸೇರಿಸಿ ಕೂತೆ. ಕರೆಂಟು ಹೋಗಲಿಲ್ಲ. ವೈರು ಕಳಚಲಿಲ್ಲ. ಪಟ್ಟಿ ತುಂಬಿತು, ಕಂಪನಿಯ ಹೆಸರು ಮಿನುಗಿತು, ಆರಿತು, ಮತ್ತೆ ಮಿನುಗಿತು. ಬಾಗಿಲು ತೆರೆದಂತೆ ಫೋನಿನ ಪರದೆ ಬೆಳಗಿತು. ಅತ್ತೆಯ ಚಿತ್ತಾರ, ಮನೆಮನೆಯೂ, ಅಲ್ಲೇ ಇತ್ತು. ಕಣ್ಣೊರೆಸಿಕೊಳ್ಳಲು ಕೈ ತೊಡೆಯಡಿಯಿಂದ ಬರಲು ತುಸು ತಡವಾಯಿತು.

ಮನೆಗೆ ಬಂದು ಹೆಂಡತಿಗೆ ಕೊಟ್ಟೆ. ಅವಳು ಚಿತ್ರವನ್ನು ಹಿಗ್ಗಿಸುತ್ತ, ಮನೆಗಳನ್ನು ಎಣಿಸುತ್ತ ಕೆಳಗಿನ ಮೂಲೆಗೆ ಬಂದು ನಿಂತಳು.

"ಇದೇನಿದು?"

ಫೋಟೋ ತೆಗೆದಂದು ಫ್ಯಾನಿನ ಗಾಳಿಗೆ ಹಾಳೆ ಹಾರೀತೆಂದು ಹೆದರಿ ನಾನು ಮೂಲೆಯನ್ನು ಒತ್ತಿ ಹಿಡಿದಿದ್ದೆ. ಚಿತ್ತಾರದ ಬಳ್ಳಿಯ ತುದಿ ಅಲ್ಲಿ ಎತ್ತ ತಿರುಗುತ್ತಿತ್ತೋ ಯಾರಿಗೂ ತಿಳಿಯದು.

"ನಮ್ಮವ್ವ ಇದ್ದಿದ್ರೆ ಚೆನ್ನಾಗಿ ಬೈತಿದ್ಲು," ಎಂದು ನಕ್ಕು, ಅವಳು ಪೆನ್ಸಿಲು ತಂದು ನನ್ನ ಮುಂದಿಟ್ಟಳು. "ನೀವೇ ಮುಚ್ಚಿದ್ದು, ನೀವೇ ಬರೀರಿ."

ಫೋಟೋದಲ್ಲಿ ಹನ್ನೆರಡು ಮನೆಗಳ ಮೇಲೆ, ಬಸ್ಸಿನಲ್ಲಿ ಎಣಿಕೆಗೆ ಸಿಗದೆ ನಿಂತಿದ್ದ ನನ್ನ ಹೆಬ್ಬೆರಳು.