ಶರಣಮ್ಮನ ಕೈ ರೊಟ್ಟಿ

ಜೇವರ್ಗಿಯ ಚರ್ಮದ ಡಾಕ್ಟರ್ ಎದುರು ನನ್ನ ಜೊತೆ ಬಂದಿದ್ದ ಪಕ್ಕದ ಮನೆಯ ಶರಣಮ್ಮ ಸೆರಗಿನಡಿಯಿಂದ ಕೈ ಹೊರತೆಗೆದಳು. ಇಸುಬಿನಿಂದ ಬೆರಳುಗಳೆಲ್ಲ ಒಣಗಿ ಬಿರಿದಿದ್ದವು. ಆಕೆ ರೊಟ್ಟಿ ಬಡಿದು ಮಾರಿ ಬದುಕುವವಳು.

“ಇದು ಅಂಟುರೋಗ ಅಲ್ಲಮ್ಮ,” ಎಂದರು ಡಾಕ್ಟರ್. ಚರ್ಮದ ಮೇಲೆ ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚಿದರೆ ಇಸುಬು ಕೆರಳಬಹುದಂತೆ. ಮುಲಾಮು ಬರೆದುಕೊಟ್ಟು, ಆರೋಗ್ಯವಂತರ ಚರ್ಮದಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾದಿಂದಲೇ ಔಷಧಿ ಮಾಡುವ ಪ್ರಯೋಗಗಳು ನಡೆದಿವೆ ಎಂದೂ ಹೇಳಿದರು.

ಶರಣಮ್ಮ ನಕ್ಕಳು. “ಮಂದಿ ನನ್ನ ಕೈಯಾನ ರೊಟ್ಟಿನೇ ಒಲ್ಲೆ ಅನ್ನಾಕತ್ತಾರ್ರಿ. ತಮ್ಮ ಮೈಮ್ಯಾಲಿಂದು ನನಗ ಕೊಡ್ತಾರೇನ್ರಿ?”



ಮರುದಿನ ಆಕೆಯ ರೊಟ್ಟಿ ತಂದಿಟ್ಟು, ಡಾಕ್ಟರ್ ಹೇಳಿದ್ದನ್ನೆಲ್ಲ ಮನೆಯವರಿಗೆ ತಿಳಿಸಿದೆ. ಎಲ್ಲರೂ ಹೌದೆಂದು ತಲೆದೂಗಿದರು. ಆಮೇಲೆ ರೊಟ್ಟಿ ಬಿಟ್ಟು ಅನ್ನ ಬಡಿಸಿಕೊಂಡರು.