ಗಡಾಯಿಕಲ್ಲಿಗೆ ಕಟ್ಟಿದ ಬುತ್ತಿ

ಮದುವೆಗೆ ಮೊದಲು ಒಮ್ಮೆ ಗಡಾಯಿಕಲ್ಲು ಹತ್ತಿಯೇ ತೀರುವುದೆಂದು ನಾನು ಹಟ ಹಿಡಿದಿದ್ದೆ. ನಾನಾಗ ಮಂಗಳೂರಿನ ಒಂದು ಶಾಲೆಯಲ್ಲಿ ಟೀಚರ್. ಜೊತೆಗೆ ಬರಲು ಇನ್ನಿಬ್ಬರು ಟೀಚರುಗಳು ಸಿದ್ಧರಿದ್ದರು. ಬೆಳ್ತಂಗಡಿಗೆ ಮೊದಲ ಬಸ್ಸು, ಅಲ್ಲಿಂದ ಗುಡ್ಡದ ಬುಡಕ್ಕೆ ನಡಿಗೆ, ಕತ್ತಲಾಗುವುದರೊಳಗೆ ಮನೆ ಎಂದು ಎಲ್ಲ ಗೊತ್ತುಮಾಡಿಕೊಂಡಿದ್ದೆವು.

ಅಪ್ಪನಿಗೆ ಇದು ಸೇರಲಿಲ್ಲ. ಸೀರೆ ಉಟ್ಟುಕೊಂಡು ಬಂಡೆ ಹತ್ತುವುದು ಹೇಗೆ ಎಂದರು. ಸೆರಗು ಸಿಕ್ಕಿಸಿಕೊಂಡು ಹತ್ತುತ್ತೇನೆ ಎಂದೆ. ಆದಿತ್ಯವಾರ ಇಗರ್ಜಿಯ ಪೂಜೆ ತಪ್ಪುತ್ತದೆ ಎಂದರು. ಹಾಗಾದರೆ ಶಾಲೆಗೆ ರಜೆ ಬಂದ ದಿನ ಹೋಗುತ್ತೇನೆ ಎಂದೆ. ಅಮ್ಮ ಯಾರ ಪರವಾಗಿಯೂ ಮಾತಾಡಲಿಲ್ಲ.

ಅಂಥ ರಜೆ ಬಂತು. ಎಲ್ಲರೂ ಅದನ್ನು ರಜೆ ಎಂದೇ ಕರೆಯುತ್ತಿದ್ದುದರಿಂದ ಅದು ಯಾವ ವಾರವೆಂದು ಯಾರಿಗೂ ಹೊಳೆಯಲಿಲ್ಲ. ಹಂದಿಮಾಂಸ ಮರುದಿನಕ್ಕೇ ರುಚಿಯೆಂದು ಅಮ್ಮ ಹಿಂದಿನ ಸಂಜೆಯೇ ಬುತ್ತಿಗೆ ಬೇಯಿಸಿಟ್ಟಳು. ಪರಿಮಳ ಹಿಡಿದು ಅಡುಗೆಮನೆಗೆ ಬಂದ ಅಪ್ಪ ಬಾಗಿಲಲ್ಲೇ ನಿಂತರು.

"ನಾಳೆ ಶುಕ್ರವಾರ ಅಲ್ವಾ?"

ಆಗೆಲ್ಲ ನಮ್ಮ ಕ್ರಿಸ್ತುವರ ಮನೆಗಳಲ್ಲಿ ಶುಕ್ರವಾರ ಮಾಂಸ ಮುಟ್ಟುವಂತಿರಲಿಲ್ಲ. ಅಪ್ಪನ ಮುಖ ಅರಳಿತು.

"ಬುತ್ತಿ ಇಲ್ಲದೆ ಎಂತ ಹೋಗುವುದು? ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ. ಇನ್ನೊಮ್ಮೆ ಹೋಗಲಿ."

ನಾನು ಬಾಯಿ ತೆರೆಯುವುದರೊಳಗೆ ಅಮ್ಮ ಪಾತ್ರೆಗೆ ಮುಚ್ಚಳ ಹಾಕಿದಳು.

"ಮಾಂಸವೂ ಓಡಿಹೋಗುವುದಿಲ್ಲ. ಶನಿವಾರ ತಿನ್ನುವ. ನಾಳೆಗೆ ಚಟ್ನಿ ಸಾಕು."

ಕಾಯಿ ತುರಿಯಲು ಕುಳಿತವಳು ತಲೆಯೆತ್ತದೆ ಅಪ್ಪನಿಗೆ ಹೇಳಿದಳು:

"ನನ್ನ ಅಪ್ಪನೂ ಇನ್ನೊಮ್ಮೆ ಹೋಗು ಅಂತಲೇ ಹೇಳಿದ್ದು. ನಾನು ಇನ್ನೂ ಹೋಗಿಲ್ಲ."